ಪ್ರತಿಕ್ರಿಯೆ: ಬ್ಲಾಸ್ಫೆಮಸ್‌ನಲ್ಲಿ ನೀಲಿ ಪಟ್ಟಿ ಯಾಕೆ ಕಿರಿದಾಗುತ್ತೆ?

ಬ್ಲಾಸ್ಫೆಮಸ್ ಅನ್ನೋ ವಿಡಿಯೋ ಗೇಮ್ ಬಗ್ಗೆ ನೀವು ಕೇಳಿದ್ದು ಎರಡು: ಸತ್ತಾಗಲೆಲ್ಲ ನೀಲಿ ಪಟ್ಟಿ ಯಾಕೆ ಕುಗ್ಗುತ್ತೆ, ಜೀವ ಪೂರ್ತಿ ಇದ್ದರೂ ಮುಳ್ಳಿಗೆ ಬಿದ್ದರೆ ಯಾಕೆ ಸಾವು.

ಪಟ್ಟಿ ಕುಗ್ಗೋದು ಬಗ್ ಅಲ್ಲ, ಗಿಲ್ಟ್ (ಪಾಪಪ್ರಜ್ಞೆ) ಅನ್ನೋ ಆಟದ ನಿಯಮ. ಸತ್ತ ಜಾಗದಲ್ಲಿ ಗಿಲ್ಟ್‌ನ ತುಣುಕೊಂದು ಉಳಿಯುತ್ತೆ. ಪ್ರತಿ ತುಣುಕೂ ಫರ್ವರ್ ಪಟ್ಟಿಯ, ಅಂದರೆ ಆ ನೀಲಿ ಪಟ್ಟಿಯ, ಒಂದು ಭಾಗಕ್ಕೆ ಬೀಗ ಹಾಕುತ್ತೆ, ಹಾಗಾಗಿ ಪ್ರೇಯರ್ (ಮಂತ್ರದಂಥ ವಿಶೇಷ ಶಕ್ತಿ) ಬಳಸೋಕೆ ಬಲ ಸಾಲಲ್ಲ. ಹೋಗಿ ಆ ತುಣುಕನ್ನು ಮುಟ್ಟಿದರೆ ಬೀಗ ತೆರೆಯುತ್ತೆ. ತಲುಪಲಾಗದ ಕಡೆ ಬಿದ್ದಿದ್ದರೆ ಕನ್ಫೆಸರ್ ಪ್ರತಿಮೆ ಹುಡುಕಿ, ಟಿಯರ್ಸ್ (ಆಟದ ಹಣ) ಕೊಟ್ಟು ಗಿಲ್ಟ್ ಎಲ್ಲವನ್ನೂ ಒಟ್ಟಿಗೆ ನೀಗಿಸಿಕೊಳ್ಳಿ. ಸತ್ತರೆ ಕೈಯಲ್ಲಿರುವ ಟಿಯರ್ಸ್ ಹೋಗಲ್ಲ. ಸತ್ತರೆ ಗಳಿಸಿದ್ದು ಅಲ್ಲೇ ಬಿದ್ದುಹೋಗುವ ಡಾರ್ಕ್ ಸೋಲ್ಸ್ ಗೇಮ್ ಆಡಿದವರು ಸುಮ್ಮನೆ ಹೆದರಿ ಓಡ್ತಾರೆ.

ಮುಳ್ಳು ಮಾತ್ರ ನಿರ್ದಾಕ್ಷಿಣ್ಯ. 2019ರ ಈ ಮೊದಲ ಆಟದಲ್ಲಿ ತಗುಲಿದರೆ ಮುಗಿಯಿತು. ಲಿನನ್ ಆಫ್ ಗೋಲ್ಡನ್ ಥ್ರೆಡ್ ಅನ್ನೋ ರೆಲಿಕ್ (ಧರಿಸಿದರೆ ವಿಶೇಷ ಸಾಮರ್ಥ್ಯ ಕೊಡುವ ವಸ್ತು) ಆಳದ ಗುಂಡಿಗಳಿಂದ ಕಾಪಾಡುತ್ತೆ, ಮುಳ್ಳಿನಿಂದಲ್ಲ. ಬಹುಪಾಲು ಸಾವು ಜಿಗಿತ ತಪ್ಪಿ ಆಗೋದಲ್ಲ: ಗಾಳಿಯಲ್ಲಿದ್ದಾಗ ಶತ್ರುವಿನ ಏಟು ಬಿದ್ದು ಹಿಂದಕ್ಕೆ ತಳ್ಳಿಸಿಕೊಳ್ತೀರಿ, ಕೆಳಗೆ ಮುಳ್ಳು. ಮೊದಲು ಹಾರುವವರನ್ನು, ದೂರದಿಂದ ಎಸೆಯುವವರನ್ನು ಮುಗಿಸಿ, ಆಮೇಲೆ ಜಿಗಿಯಿರಿ. ಅಂಚು ಕೈಗೆ ಸಿಕ್ಕರೆ ಪಾತ್ರ ತಾನೇ ಹಿಡಿಯುತ್ತೆ, ಆದ್ದರಿಂದ ಎದುರಿನ ಕಟ್ಟೆಯ ಮೇಲೇ ಇಳಿಯಬೇಕೆಂದಿಲ್ಲ. ಗುರುತಿರುವ ಗೋಡೆಗಳಿಗೆ ಜಿಗಿದು ದಾಳಿಯ ಬಟನ್ ಒತ್ತಿದರೆ ಕತ್ತಿ ನಾಟಿ ನೇತಾಡಬಹುದು.

ಇನ್ನೊಂದು: ಜೀವ ತುಂಬಿಸುವ ಬೈಲ್ ಫ್ಲಾಸ್ಕ್ ಕುಡಿಯುವಾಗ ಪಾತ್ರ ನಿಂತಲ್ಲೇ ಇರುತ್ತೆ. ಬಾಸ್ ಒಂದು ದಾಳಿ ಮುಗಿಸಿದ ಮೇಲಷ್ಟೇ ಕುಡಿಯಿರಿ.