ಯೇಸು ಅರ್ಧ ದೇವರು, ಅರ್ಧ ಮನುಷ್ಯ ಅಂತಾನಾ?

ಅಲ್ಲ. ಪೂರ್ತಿ ದೇವರು, ಪೂರ್ತಿ ಮನುಷ್ಯ, ಆದರೆ ವ್ಯಕ್ತಿ ಒಬ್ಬನೇ. ಕ್ರಿ.ಶ. 451ರಲ್ಲಿ ಕಾಲ್ಸೆಡನ್ ಎಂಬ ಊರಲ್ಲಿ ಸೇರಿದ ಕ್ರೈಸ್ತ ಬಿಷಪ್‌ಗಳ ಮಹಾಸಭೆ ಕೊಟ್ಟ ಉತ್ತರ ಇದು. ದೈವತ್ವ, ಮನುಷ್ಯತ್ವ ಎಂಬ ಎರಡು ಸ್ವಭಾವಗಳು ಕಲಸಿಹೋಗಿಲ್ಲ, ಬೇರೆಯಾಗಿಯೂ ನಿಂತಿಲ್ಲ ಅಂದರು. ಹೇಗೆ ಅಂತ ಮಾತ್ರ ವಿವರಿಸಲಿಲ್ಲ. ನನಗೆ ಅದೇ ಜಾಣತನ ಅನ್ನಿಸುತ್ತದೆ.

ಬೈಬಲಿನಲ್ಲಿ ಮಾರ್ಕನ ಸುವಾರ್ತೆಯ 4ನೇ ಅಧ್ಯಾಯ ನೋಡಿ. ಬಿರುಗಾಳಿಗೆ ದೋಣಿಯೊಳಗೆ ನೀರು ನುಗ್ಗುತ್ತಿದೆ. ಯೇಸು ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿದ್ದಾನೆ. ನಿದ್ದೆ ಮನುಷ್ಯರಿಗೆ ಬರುವಂಥದ್ದು, ಅಲ್ವಾ? ಶಿಷ್ಯರು ಗಾಬರಿಯಿಂದ ಎಬ್ಬಿಸಿದಾಗ ಎದ್ದು ಗಾಳಿಯನ್ನೇ ಗದರಿಸುತ್ತಾನೆ, ಅಲೆ ತಣ್ಣಗಾಗುತ್ತದೆ. ಮಲಗಿದ್ದವನೂ ಗದರಿಸಿದವನೂ ಒಬ್ಬನೇ.

ಎಲ್ಲರೂ ಒಪ್ಪಲಿಲ್ಲ ಅನ್ನಿ. ಈಜಿಪ್ಟಿನ ಕಾಪ್ಟಿಕ್ ಚರ್ಚ್, ಅರ್ಮೇನಿಯಾದ ಚರ್ಚ್ ಇವತ್ತಿಗೂ ‘ದೈವತ್ವ, ಮನುಷ್ಯತ್ವ ಕೂಡಿದ ಒಂದೇ ಸ್ವಭಾವ’ ಎನ್ನುತ್ತವೆ.