ಕೀಲಿ ಸಿಕ್ಕ ದಿನವೇ ಮೀಟರ್ ನೋಡಿ

ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಬಾಡಿಗೆಗೆ ಫ್ಲಾಟ್ ಸಿಕ್ಕಿದೆ, ಒಂದನೇ ತಾರೀಕು ಕೀಲಿ ಕೊಡ್ತಾರೆ, ಅವತ್ತೇ ಮೀಟರ್ ರೀಡಿಂಗ್ ತಗೊಳ್ಳಿ ಅಂತ ಏಜೆಂಟ್ ಹೇಳಿದ್ದಾರೆ, ಅದು ನಮ್ಮ ಕೆಲಸಾನಾ ಅಂತ ಕೇಳಿದ್ದೀರಿ. ಹೌದು, ನಿಮ್ಮದೇ ಕೆಲಸ. ಬೆಂಗಳೂರಲ್ಲಿ ಬೆಸ್ಕಾಂನವರು ತಿಂಗಳಿಗೊಮ್ಮೆ ಬಂದು, ಮೀಟರ್ ನೋಡಿ, ಬಿಲ್ ಹರಿದು ಕೈಗೆ ಕೊಟ್ಟು ಹೋಗ್ತಿದ್ರು. ಇಲ್ಲಿ ಆ ಅಭ್ಯಾಸ ಇಲ್ಲ. ಇಂಗ್ಲಿಷಿನಲ್ಲಿ ಬರೆದರೆ ನಿಮ್ಮ ಊರಿನ ಹೆಸರೇ ‘ರೀಡಿಂಗ್’, ಆದರೂ ತಿಂಗಳು ತಿಂಗಳು ಮೀಟರ್ ಓದಲು ಯಾರೂ ಬರುವುದಿಲ್ಲ! ನೀವು ಅಂಕಿ ಕೊಡದಿದ್ದರೆ ಕಂಪನಿ ಅಂದಾಜಿನ ಮೇಲೆ ಬಿಲ್ ಹಾಕುತ್ತದೆ. ಬಿಲ್ಲಿನಲ್ಲಿ ‘ಎಸ್ಟಿಮೇಟೆಡ್’ ಅಂತ ಕಂಡರೆ ಅದೇ ಕಥೆ.

ಫೋಟೋ ತೆಗೆದರೆ ಸಾಕು ಅಂತ ನಾನೂ ಅಂದುಕೊಂಡಿದ್ದೆ. ನನ್ನ ಮೊದಲ ಮನೆ, ಹಳೇ ಕಟ್ಟಡವೊಂದನ್ನು ಒಡೆದು ಆರು ಫ್ಲಾಟ್ ಮಾಡಿದ್ದು. ಮೆಟ್ಟಿಲ ಕೆಳಗೆ ಒಂದು ಬೀರು, ಅದರೊಳಗೆ ಸಾಲಾಗಿ ಆರು ಮೀಟರ್. ಮೇಲೆ ಪೆನ್ನಿನಲ್ಲಿ ಬರೆದ ಚೀಟಿಗಳು, ಅರ್ಧ ಅಳಿಸಿಹೋಗಿದ್ದವು. ಏಜೆಂಟ್ ಒಂದನ್ನು ತೋರಿಸಿದರು. ನಾನು ಬರೀ ಅಂಕಿಯ ಫೋಟೋ ಹೊಡೆದುಕೊಂಡು ಬಂದೆ.

ಚಳಿಗಾಲದಲ್ಲಿ ಮೂರು ವಾರ ಊರಿಗೆ ಹೋಗಿ ಬಂದೆವು. ಮನೆಗೆ ಬೀಗ, ಫ್ರಿಜ್ ಕೂಡ ಆಫ್. ಬಂದು ನೋಡಿದರೆ ಆ ತಿಂಗಳೇ ಬಿಲ್ ಜಾಸ್ತಿ! ಆಗ ಅನುಮಾನ ಬಂತು. ನಾನು ಕೆಳಗೆ ಮೀಟರ್ ಮುಂದೆ ನಿಂತೆ, ಹೆಂಡತಿ ಮೇಲೆ ಫೋನ್ ಹಿಡಿದುಕೊಂಡು ಮೇನ್ ಸ್ವಿಚ್ ಆರಿಸಿದಳು. ನಮ್ಮದು ಅಂದುಕೊಂಡಿದ್ದ ಮೀಟರಿನ ಕೆಂಪು ದೀಪ ಮಿಣುಕುತ್ತಲೇ ಇತ್ತು. ಪಕ್ಕದ ಮೀಟರ್ ನಿಂತಿತ್ತು. ಅಷ್ಟು ತಿಂಗಳು ಪಕ್ಕದ ಮನೆಯ ಹೀಟರಿಗೆ ನಾವು ದುಡ್ಡು ಕಟ್ಟಿದ್ದೆವು.

ನೀವು ಇದನ್ನು ಮೊದಲ ದಿನವೇ ಮಾಡಿ. ಐದು ನಿಮಿಷದ ಕೆಲಸ. ಮೇನ್ ಆರಿಸಿದಾಗ ದೀಪ ಮಿಣುಕುವುದು ನಿಲ್ಲಬೇಕು. ಆಮೇಲೆ ಮೇನ್ ಹಾಕಿ, ಕೆಟಲ್ ಒಂದನ್ನೇ ಹಚ್ಚಿ. ಮೀಟರ್ ಮೇಲೆ ‘1000 ಇಂಪ್’ ಅಂತಿದ್ದರೆ ಒಂದು ಯೂನಿಟ್‌ಗೆ ದೀಪ ಸಾವಿರ ಸಲ ಮಿಣುಕುತ್ತದೆ ಅಂತ ಅರ್ಥ. ಇಲ್ಲಿನ 3 ಕಿಲೋವ್ಯಾಟ್ ಕೆಟಲ್ ಓಡುವಾಗ ನಿಮಿಷಕ್ಕೆ ಸುಮಾರು 50 ಸಲ, ಅಂದರೆ ಹೆಚ್ಚುಕಡಿಮೆ ಸೆಕೆಂಡಿಗೊಂದು.

ಫೋಟೋದಲ್ಲಿ ಅಂಕಿಯ ಜೊತೆ ಮೀಟರಿನ ಸೀರಿಯಲ್ ನಂಬರ್ ಕಾಣಲೇಬೇಕು. ನಮ್ಮ ಆರ್‌ಆರ್ ನಂಬರ್ ಇದ್ದ ಹಾಗೆ ಇಲ್ಲಿ ಎಂಪಿಎಎನ್ ಅಂತ 13 ಅಂಕಿಯ ಸಂಖ್ಯೆ ಇರುತ್ತದೆ. ಅದು ಸಿಗುವುದು ಬಿಲ್ಲಿನಲ್ಲಿ. ಮೀಟರ್ ಮೇಲೆ ಇರುವುದು ಸೀರಿಯಲ್ ನಂಬರ್. ಹತ್ತಿರದಿಂದ ಒಂದು, ಇಡೀ ಬೀರು ಕಾಣುವ ಹಾಗೆ ದೂರದಿಂದ ಇನ್ನೊಂದು ಫೋಟೋ ತೆಗೆಯಿರಿ. ಅವತ್ತೇ ಏಜೆಂಟಿಗೆ ಈಮೇಲ್ ಮಾಡಿ. ಈಮೇಲಿಗೆ ತಾರೀಕು ತಾನಾಗೇ ಬೀಳುತ್ತದೆ, ಯಾರೂ ತಕರಾರು ಮಾಡೋಕಾಗಲ್ಲ. ನನ್ನ ಹತ್ತಿರ ಇದ್ಯಾವುದೂ ಇರಲಿಲ್ಲ. ಕೊನೆಗೆ ಕೈ ಹಿಡಿದದ್ದು, ಮೊದಲ ದಿನ ಹೆಂಡತಿ ಅವರಮ್ಮನಿಗೆ ಮನೆ ತೋರಿಸಲು ಮಾಡಿ ಕಳಿಸಿದ್ದ ವಿಡಿಯೋ. ಅದರಲ್ಲಿ ಎರಡೇ ಸೆಕೆಂಡು ಆ ಬೀರು ಬಂದಿತ್ತು. ನಿಜವಾದ ನಮ್ಮ ಮೀಟರಿನ ಅಂಕಿ ಅಲ್ಲಿ ಕಾಣುತ್ತಿತ್ತು. ದುಡ್ಡು ವಾಪಸ್ ಬರಲು ಐದು ತಿಂಗಳು ಹಿಡಿಯಿತು, ಅದು ಬೇರೆ.

ಅಂಕಿಯನ್ನು ತಾನಾಗೇ ಕಂಪನಿಗೆ ಕಳಿಸುವ ಸ್ಮಾರ್ಟ್ ಮೀಟರ್ ಇದೆಯಲ್ಲ ಅಂತ ಸುಮ್ನೆ ಕೂರಬೇಡಿ. ಹಾಲ್‌ನಲ್ಲಿ ಇಟ್ಟಿರುವ ಪುಟ್ಟ ಪರದೆ ತೋರಿಸುವ ಪೌಂಡ್ ಲೆಕ್ಕ ರೀಡಿಂಗ್ ಅಲ್ಲ, ಮೀಟರನ್ನೇ ನೋಡಬೇಕು. ಗ್ಯಾಸ್ ಇದ್ದರೆ ಅದರದ್ದೂ ತೆಗೆಯಿರಿ, ಕೆಂಪು ಅಂಕಿಗಳನ್ನು ಬಿಟ್ಟು ಬರೆದುಕೊಳ್ಳಿ. ಹಳೇ ಗ್ಯಾಸ್ ಮೀಟರ್ ನೂರು ಘನ ಅಡಿಗೆ ಒಂದರಂತೆ, ಹೊಸದು ಘನ ಮೀಟರಿನಲ್ಲಿ ಅಳೆಯುತ್ತದೆ. ಕಂಪನಿ ಇವೆರಡನ್ನು ಅದಲುಬದಲು ಮಾಡಿದರೆ ಲೆಕ್ಕ 2.83 ಪಟ್ಟು ಆಚೀಚೆ ಆಗುತ್ತದೆ, ಅದಕ್ಕೇ ಮೀಟರಿನ ಪೂರ್ತಿ ಮುಖ ಫೋಟೋದಲ್ಲಿ ಬರಲಿ. ನೀರಿಗೆ ಮೀಟರ್ ಇದ್ದರೂ ಇರಬಹುದು, ಇಲ್ಲದಿದ್ದರೂ ಇರಬಹುದು, ಏಜೆಂಟನ್ನು ಕೇಳಿ.

‘ದಿ ಆಕ್ಯುಪೈಯರ್’ (ಈ ಮನೆಯಲ್ಲಿ ಇರುವವರು) ಅಂತ ಹೆಸರಿಲ್ಲದ ಕಾಗದ ಬಂದರೆ ಎಸೆಯಬೇಡಿ. ಕೀಲಿ ಪಡೆದ ದಿನದಿಂದ ಕರೆಂಟಿನ ಹೊಣೆ ನಿಮ್ಮದು, ನೀವು ಸಹಿ ಹಾಕಿರದಿದ್ದರೂ. ಹಿಂದಿನವರ ಬಾಕಿ ಮಾತ್ರ ನಿಮ್ಮದಲ್ಲ. ಅದನ್ನು ತೋರಿಸುವುದೇ ಆ ಮೊದಲ ಫೋಟೋ. ತಕರಾರು ಎದ್ದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. 8 ವಾರದಲ್ಲಿ ಬಗೆಹರಿಯದಿದ್ದರೆ ಇಂಥ ದೂರು ಕೇಳಿ ತೀರ್ಮಾನ ಮಾಡುವ ಎನರ್ಜಿ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು, ನಿಮಗೆ ಖರ್ಚಿಲ್ಲ. ಕಂಪನಿಯೇ ತಪ್ಪು ಮಾಡಿ ಬಿಲ್ ಹಾಕದೆ ಬಿಟ್ಟಿದ್ದರೆ, 12 ತಿಂಗಳಿಗಿಂತ ಹಿಂದಿನದನ್ನು ವಸೂಲಿ ಮಾಡುವಂತಿಲ್ಲ ಅನ್ನುವ ನಿಯಮವೂ 2018ರಿಂದ ಇದೆ.

ಮನೆ ಬಿಡುವ ದಿನವೂ ಇದೇ ಕೆಲಸ, ಕೀಲಿ ವಾಪಸ್ ಕೊಡುವ ಮುಂಚೆ. ಮತ್ತೆ, ಮೀಟರ್ ಪೆಟ್ಟಿಗೆ ಹೊರಗಿದ್ದರೆ ಅದಕ್ಕೆ ಮೂರು ಮೂಲೆಯ ಒಂದು ಪ್ಲಾಸ್ಟಿಕ್ ಕೀಲಿ ಬೇಕಾಗುತ್ತದೆ. ಒಂದನೇ ತಾರೀಕು ಏಜೆಂಟ್ ಹತ್ತಿರ ಮರೆಯದೆ ಅದನ್ನೂ ಇಸ್ಕೊಳ್ಳಿ.