ಬೆರಳಿನ ಮೀಟರ್ ಬೇಡ ಎಂದದ್ದು ಏಕೆ

ಎಸ್‌ಎನ್‌ಸಿಯುನಿಂದ, ಅಂದರೆ ಆಸ್ಪತ್ರೆಯ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಿಂದ, ಮಗುವನ್ನು ಮನೆಗೆ ಒಯ್ಯುವವರು ಈಚೆಗೆ ತಪ್ಪದೆ ಕೇಳುವ ಪ್ರಶ್ನೆ, "ಯಾವ ಆಕ್ಸಿಮೀಟರ್ ತಗೊಳ್ಳೋಣ?" ಈ ಪ್ರಕರಣ ಬರೆಯುತ್ತಿರುವುದು ಅದಕ್ಕೇ. ಗುರುತು ಸಿಗದಂತೆ ವಿವರ ಬದಲಿಸಿದೆ.

31 ವಾರಕ್ಕೆ ಹುಟ್ಟಿದ ಹೆಣ್ಣು ಮಗು, ಈಗ 1.8 ಕೆ.ಜಿ. ಡಿಸ್ಚಾರ್ಜ್‌ನ ಹಿಂದಿನ ದಿನ ಅಪ್ಪ ಕೋವಿಡ್ ಕಾಲದ ಆಕ್ಸಿಮೀಟರ್ (ರಕ್ತದಲ್ಲಿ ಆಕ್ಸಿಜನ್ ಶೇಕಡಾ ಎಷ್ಟೆಂದು ತೋರಿಸುವ ಬೆರಳಿನ ಮೀಟರ್) ತಂದು ಪಾದಕ್ಕೆ ಸಿಕ್ಕಿಸಿದರು. 84 ತೋರಿಸಿತು, ಆಮೇಲೆ 71, ಕೊನೆಗೆ ಬರೀ ಗೆರೆ. ವಾರ್ಡಿನ ಮಾನಿಟರ್‌ನಲ್ಲಿ 96 ಇತ್ತು. ತಾಯಿ ನಡುಗಿಹೋದರು. "ಇಲ್ಲಿ ಮಷಿನ್ ನೋಡ್ಕೊಳ್ತಿತ್ತು ಮೇಡಂ. ಮನೇಲಿ ನಂಗೆ ನಿದ್ದೆ ಹತ್ತಿದ್ರೆ?"

ಆ ಮೀಟರ್ ದೊಡ್ಡವರ ಬೆರಳಿಗೆ ಮಾಡಿದ್ದು. ಪುಟ್ಟ ಪಾದದ ಮೇಲೆ ಸರಿಯಾಗಿ ಕೂರುವುದಿಲ್ಲ, ಕಾಲು ಆಡಿಸಿದರೆ ಅಂಕಿ ಕುಸಿಯುತ್ತದೆ. ಆಕ್ಸಿಜನ್ ಸಮೇತ ಮನೆಗೆ ಹೋಗುವ ಮಗುವಿಗೆ ಡಾಕ್ಟರೇ ಬರೆದುಕೊಟ್ಟ ಶಿಶುಗಳ ಯಂತ್ರದ ಮಾತು ಬೇರೆ. ಉಳಿದವರಿಗೆ ಸುಳ್ಳು ಅಂಕಿಗಿಂತ ತಾಯಿಯ ಕೈಯೇ ಮೇಲು ಎಂದೆ. ಅಪ್ಪನಿಗೆ ಬೇಸರವಾಯಿತು. ಆದರೂ ನನ್ನ ಮಾತು ಅದೇ.

ತಾಯಿಯ ಕೈಯನ್ನು ಮಗುವಿನ ಹೊಟ್ಟೆಗೆ, ಆಮೇಲೆ ಪಾದಕ್ಕೆ ಮುಟ್ಟಿಸಿದೆ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಮಗುವಿಗೆ ಚಳಿಯಾಗುತ್ತಿದೆ, ಕೂಡಲೇ ಬರಿ ಎದೆಗೆ ಹಾಕಿಕೊಂಡು ಹೊದೆಯಬೇಕು. ಎರಡೂ ತಣ್ಣಗಿದ್ದರೆ ಹಾಗೇ ಎದೆಗೆ ಕಟ್ಟಿಕೊಂಡು ಆಸ್ಪತ್ರೆಗೆ. ಆಮೇಲೆ ಉಸಿರು ಎಣಿಸಿದರು, ಮಗು ಸುಮ್ಮನಿದ್ದಾಗ, ಪೂರ್ತಿ ಒಂದು ನಿಮಿಷ. ದಿನ ತುಂಬದ ಮಗು ಐದು-ಹತ್ತು ಸೆಕೆಂಡ್ ಉಸಿರು ನಿಲ್ಲಿಸಿ ಮತ್ತೆ ಎಳೆದುಕೊಳ್ಳುವುದುಂಟು. 20 ಸೆಕೆಂಡ್ ದಾಟಿದರೆ, ತುಟಿ ನೀಲಿಯಾದರೆ, ಎರಡು ಸಲ ಎಣಿಸಿದಾಗಲೂ 60 ಅಥವಾ ಹೆಚ್ಚು ಬಂದರೆ, ಪಕ್ಕೆ ಒಳಗೆ ಸೆಳೆದರೆ, ಹಾಲು ಕುಡಿಯುವುದು ಬಿಟ್ಟರೆ 108ಕ್ಕೆ ಫೋನ್.

ನಿದ್ದೆಯ ಪ್ರಶ್ನೆಗೆ ಉತ್ತರ ಪಾಳಿ. ಮಗುವನ್ನು ಹೀಗೆ ಬರಿ ಎದೆಗೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆಗೆ ಅಪ್ಪನ ಎದೆಯೂ ಆಗುತ್ತದೆ, ಅಜ್ಜಿಯದೂ ಆಗುತ್ತದೆ. ಅಜ್ಜಿಯನ್ನು ಕರೆಸಿ ಕೂರಿಸಿದ್ದಕ್ಕೆ ಇನ್ನೊಂದು ಕಾರಣವಿತ್ತು: ಎಣ್ಣೆನೀರು, ಸಾಂಬ್ರಾಣಿ ಹೊಗೆ, ಬಜೆ ತೇಯ್ದು ನೆಕ್ಕಿಸುವುದು ಅವರ ಕೈಯಲ್ಲಿ. ಇವು ಬೇಡವೆಂದು ಬಾಣಂತಿಗೆ ಮಾತ್ರ ಹೇಳಿ ಕಳಿಸಿದರೆ ಮನೆಯಲ್ಲಿ ಆಕೆಯ ಮಾತು ನಡೆಯುವುದಿಲ್ಲ.

ಡಿಸ್ಚಾರ್ಜ್ ಒಂದು ದಿನ ಮುಂದಕ್ಕೆ ಹಾಕಿಸಿದೆವು. ಆ ರಾತ್ರಿ ಕೆಎಂಸಿ (ಕಾಂಗರೂ ಆರೈಕೆ) ವಾರ್ಡಿನಲ್ಲಿ ಮಾನಿಟರ್ ಇಲ್ಲ, ಕರೆದರೆ ನರ್ಸ್ ಉಂಟು. ಎರಡೆರಡು ಗಂಟೆಗೆ ಒಳಲೆಯಲ್ಲಿ 25 ಮಿ.ಲೀ. ಹಿಂಡಿದ ಹಾಲು, ಪ್ರತಿ ಸಲ ಹೊಟ್ಟೆ-ಪಾದ ಮುಟ್ಟಿ ನೋಡುವುದು. ಮೂರು ಗಂಟೆಯ ಹಾಲು ಕುಡಿಸಿದವರು ಅಜ್ಜಿ. ತಾಯಿ ನಿದ್ದೆಯಲ್ಲಿದ್ದರು.